ಉಕ್ಕಿನ ಅಜ್ಜಿಯ ನಲವತ್ತೆಂಟನೆಯ ಸಂಚಿಕೆ

ಮಾರ್ಚ್ ೩

ಪ್ರೀತಿಯ ಅತ್ತೆ,

ನಿನ್ನ ಪತ್ರ ಓದಿ ಹವಾಮಾನ ಕೇಂದ್ರದ ಮೆಟ್ಟಿಲ ಮೇಲೆಯೇ ಕುಣಿದುಬಿಟ್ಟೆ. ನಮ್ಮ ಹಿರಿಯ ವೀಕ್ಷಕರು, ನಾನು ಮಾಪಕ ಮಾಸ್ತರು ಎಂದು ಹೆಸರಿಟ್ಟಿದ್ದೇನಲ್ಲ ಅವರೇ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಮ್ಮಾ, ಗಾಳಿ ಜಾಸ್ತಿ ಆಯ್ತಾ?" ಅಂದರು. ಈ ದ್ವೀಪದಲ್ಲಿ ಮನುಷ್ಯರು ಕುಣಿದರೆ ಅದಕ್ಕೂ ಗಾಳಿಯೇ ಕಾರಣವೆಂದು ಅವರ ನಂಬಿಕೆ.

ಮಫ್ಲರ್ ಮಾವ ತನ್ನ ಹಳೇ ಪುಸ್ತಕದಂಗಡಿ ಮುಚ್ಚುತ್ತಿದ್ದಾನೆಂದರೆ ನಂಬಲಾಗುತ್ತಿಲ್ಲ. ಸುಡುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಪುಸ್ತಕದ ಗುಡ್ಡದ ಮೇಲೆ ಕೂತು, ಕೊಳ್ಳಲು ಬಂದವರನ್ನು ಬೈದು ಕಳಿಸುತ್ತಿದ್ದವನು ಅವನು. ಆದರೂ ಎಲ್ಲರಿಗಿಂತ ಮೊದಲು ನಿನ್ನನ್ನು ಕರೆದು, "ಒಂದು ಟ್ರಂಕ್ ತುಂಬೋಷ್ಟು ಕಾಮಿಕ್ಸ್ ಆರಿಸ್ಕೋ" ಎಂದನಲ್ಲ, ಅವನ ಹೊಟ್ಟೆ ತಣ್ಣಗಿರಲಿ. ಉಳಿದದ್ದೆಲ್ಲ ಕಾಗದದ ಕಾರ್ಖಾನೆಗೆ ಹೋಗಿ ತಿರುಳಾಗುತ್ತದೆ ಎಂದು ಬರೆದಿದ್ದೀಯ.

ಈಗ ನಿನಗೆ ಮಾತ್ರ ಒಂದು ಗುಟ್ಟು. ನಗರದಲ್ಲಿ ಒಬ್ಬ ಮೇಡಂ ಇದ್ದಾರೆ. ಹಳೇ ಕಾಮಿಕ್ಸ್ ಸಂಗ್ರಹಿಸುವವರಲ್ಲಿ ಅವರಿಗಿಂತ ದೊಡ್ಡವರಿಲ್ಲ. ಬಿಳಿ ಕೈಗವಸು ಹಾಕಿಕೊಳ್ಳದೆ ಪುಟ ಮುಟ್ಟುವುದಿಲ್ಲವಂತೆ. ಅವರು ಹಳೇ ಕಾಮಿಕ್ಸ್‌ಗೆಂದೇ ಒಂದು ಅಂಗಡಿ ತೆರೆಯುತ್ತಿದ್ದಾರೆ, ಜೊತೆಗೊಬ್ಬ ಪಾಲುದಾರರು ಬೇಕಾಗಿದ್ದಾರೆ. ಪಾಲಿಗೆ ಹಣ ಬೇಡ, ಒಳ್ಳೆಯ ಸಂಗ್ರಹ ತಂದರೆ ಸಾಕು. ಅತ್ತೆ, ಮಳೆ ಅಳೆದು ಅಳೆದು ನನಗೆ ಸಾಕಾಗಿದೆ. ಇಲ್ಲಿನ ಉಪ್ಪುಗಾಳಿಗೆ ನನ್ನ ಪುಸ್ತಕಗಳೆಲ್ಲ ಹಪ್ಪಳದಂತೆ ಸೊಟ್ಟಗಾಗಿವೆ. ಈ ಟ್ರಂಕು ಸರಿಯಾಗಿ ತುಂಬಿದರೆ ನಾನು ಈ ದ್ವೀಪ ಬಿಡಬಹುದು. ಇಲ್ಲವಾದರೆ ಇದ್ದೇ ಇದೆ, ಮಾಸ್ತರು, ಗಾಳಿ, ನಾನು.

ಆದ್ದರಿಂದ ದಯವಿಟ್ಟು ನನ್ನ ಮಾತು ಕೇಳು. ಮೊದಲ ಸಂಚಿಕೆ ಯಾವುದು ಸಿಕ್ಕರೂ ಎತ್ತಿಕೋ. ಯಾವುದಾದರೂ ಪಾತ್ರ ಮೊದಲ ಸಲ ಕಾಣಿಸಿಕೊಂಡ ಸಂಚಿಕೆಯನ್ನೂ ಬಿಡಬೇಡ. ಮುಖಪುಟ ಕಿತ್ತಿರಬಾರದು, ಪಿನ್ನು ತುಕ್ಕು ಹಿಡಿದಿರಬಾರದು, ಯಾರೂ ಹೆಸರು ಗೀಚಿರಬಾರದು, ಪದಬಂಧ ತುಂಬಿರಬಾರದು. ಚೆನ್ನಾಗಿದೆಯೋ ಇಲ್ಲವೋ ಎಂದು ಓದಿ ನೋಡಲು ಹೋಗಬೇಡ. ನಿನಗೆ ಅದೊಂದು ಚಟ.

ಇನ್ನೊಂದು ಮಾತು. ಸಿಗುವುದಿಲ್ಲವೆಂದು ಗೊತ್ತು, ಆದರೂ ಕಣ್ಣಿಟ್ಟಿರು: ಉಕ್ಕಿನ ಅಜ್ಜಿ, ಸಂಚಿಕೆ ನಲವತ್ತೆಂಟು. ಅಪ್ಪ ತಂದುಕೊಟ್ಟ ಕೊನೆಯದು ನಲವತ್ತೇಳು. ನೆನಪಿದೆ ತಾನೇ? ಸೇತುವೆ ಮುರಿದಿದೆ, ಜನ ತುಂಬಿದ ಬಸ್ಸು ಹಗ್ಗದಲ್ಲಿ ನೇತಾಡುತ್ತಿದೆ, ಹಗ್ಗದ ತುದಿಯನ್ನು ಅಜ್ಜಿ ತನ್ನ ಉಕ್ಕಿನ ಹಲ್ಲುಸೆಟ್ಟಿನಲ್ಲಿ ಕಚ್ಚಿ ಹಿಡಿದಿದ್ದಾಳೆ. ಕೆಳಗೆ ದಪ್ಪಕ್ಷರದಲ್ಲಿ, "ಅಯ್ಯೋ, ಹಲ್ಲು ಸಡಿಲವಾಗುತ್ತಿದೆ!" ಅಲ್ಲಿಗೆ ನಿಂತ ಕಥೆ. ಆಮೇಲೆ ಪ್ರಕಾಶಕರು ಬಾಗಿಲು ಹಾಕಿದರು. ನಲವತ್ತೆಂಟು ಅಚ್ಚಾಗಿತ್ತು, ಕೆಲವೇ ಚಂದಾದಾರರಿಗೆ ಅಂಚೆಯಲ್ಲಿ ಹೋಗಿತ್ತು ಎನ್ನುತ್ತಾರೆ. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ.

ದೋಣಿ ಬಂತು, ಮುಗಿಸುತ್ತೇನೆ. ವಾರಕ್ಕೊಮ್ಮೆ ಬರುವ ಈ ದೋಣಿ ಬಿಟ್ಟರೆ ನಿನಗೂ ನನಗೂ ಬೇರೆ ದಾರಿಯಿಲ್ಲ. ಇಲ್ಲಿನ ರೇಡಿಯೋದಲ್ಲಿ ಗಾಳಿಮಳೆಯ ವಿಷಯ ಬಿಟ್ಟು ಬೇರೆ ಮಾತಾಡಿದರೆ ಮಾಸ್ತರು ಕಣ್ಣು ಕೆಂಪಗೆ ಮಾಡುತ್ತಾರೆ.

ನಿನ್ನ
ಚೂಟಿ

*

ಮಾರ್ಚ್ ೧೧

ಚೂಟಿ,

ಕುಣಿದದ್ದು ಸಾಕು, ಕೂತುಕೊಂಡು ಓದು. ಕಡೆಯಲ್ಲಿ ಒಂದು ಸುದ್ದಿ ಇದೆ. ಆದರೆ ಹಾರಿಸಿ ಕಡೆಗೆ ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಲಾಂಡ್ರಿಗೆ ಮಧ್ಯಾಹ್ನ ಬೀಗ ಹಾಕಿ ಮಫ್ಲರ್ ಮಾವನ ಅಂಗಡಿಗೆ ಹೋದೆ. ನಿನ್ನ ನಿಯಮಗಳ ಕಾಗದ ಕೈಯಲ್ಲೇ ಇತ್ತು. ಅರ್ಧ ಗಂಟೆ ನೀನು ಹೇಳಿದಂತೆಯೇ ನಡೆದುಕೊಂಡೆ. ಆಮೇಲೆ ಓದಲು ಶುರುಮಾಡಿದೆ. ಅಲ್ಲಿಗೆ ನಿನ್ನ ಶಿಸ್ತು ಕೆಟ್ಟಿತು.

"ಚಂದ್ರಲೋಕದ ಚೌಕೀದಾರ" ಮೊದಲ ಸಂಚಿಕೆ ಸಿಕ್ಕಿದೆ, ನಿನಗೋಸ್ಕರ ಟ್ರಂಕಿಗೆ ಹಾಕಿದ್ದೇನೆ. ಗರಿಗರಿಯಾಗಿದೆ, ಅಚ್ಚಿನ ವಾಸನೆ ಕೂಡ ಹೋಗಿಲ್ಲ. ಯಾಕೆ ಗೊತ್ತೇ? ಅದನ್ನು ಯಾರೂ ಎರಡನೇ ಸಲ ತೆರೆದಿಲ್ಲ. ನಾನು ಮೊದಲನೇ ಸಲಕ್ಕೇ ಆಕಳಿಸಿದೆ. ಚೌಕೀದಾರ ಹದಿನಾರು ಪುಟ ಚಂದ್ರನ ಮೇಲೆ ಟಾರ್ಚು ಹಿಡಿದು ತಿರುಗುತ್ತಾನೆ, ಕಳ್ಳನೇ ಬರುವುದಿಲ್ಲ. ಅದೇ "ಸೈಕಲ್ ಸಾಹಸಿ" ನೋಡು, ಒಂದಕ್ಕೂ ಮುಖಪುಟ ನೆಟ್ಟಗಿಲ್ಲ. ಎಷ್ಟು ಕೈ ದಾಟಿರಬೇಕು! ಒಂದರಲ್ಲಿ ಯಾರೋ ಕಿಡಿಗೇಡಿ ಮೂರನೇ ಪುಟದಲ್ಲೇ ಬರೆದಿದ್ದಾನೆ, "ಕಳ್ಳ ಬೇರೆ ಯಾರೂ ಅಲ್ಲ, ಡಾಕ್ಟರೇ." ಅದರ ಕೆಳಗೆ ಇನ್ನೊಂದು ಕೈಬರಹ, "ನಿನ್ನ ಕೈ ಸೇದಿಹೋಗ." ನಕ್ಕು ನಕ್ಕು ಸಾಕಾಯಿತು. ಅದನ್ನೂ ಟ್ರಂಕಿಗೆ ಹಾಕಿದ್ದೇನೆ.

ನೀನು ಹಲ್ಲು ಕಡಿಯುವುದು ಇಲ್ಲಿಗೇ ಕೇಳಿಸುತ್ತಿದೆ. ಆದರೆ ನಾನು ಬಟ್ಟೆ ನೋಡಿ ಬದುಕಿದವಳು. ಒಂದೇ ಒಂದು ಸಲ ತೊಟ್ಟ ಕೋಟು ವರ್ಷಗಟ್ಟಲೆ ಹೊಸದಾಗಿಯೇ ಇರುತ್ತದೆ, ಅದನ್ನು ವಾಪಸು ಒಯ್ಯಲು ಮರೆಯುವವರೂ ಇದ್ದಾರೆ. ಮೊಣಕೈ ಸವೆದ ಅಂಗಿಯನ್ನೇ ಜನ ಎರಡೂ ಕೈಯಲ್ಲಿ ಕೊಟ್ಟು, "ಹುಷಾರು ಕಣಮ್ಮಾ" ಎನ್ನುವುದು. ಬೆಲೆ ಯಾವುದಕ್ಕೆ ಹೆಚ್ಚು, ನೀನೇ ಹೇಳು.

ಇನ್ನು ಸುದ್ದಿ. ಕೆಳಗಿನ ಹಲಗೆಯ ಹಿಂದೆ ಗೋಡೆಗೂ ಹಲಗೆಗೂ ನಡುವೆ ಒಂದು ಕಂದು ಪೊಟ್ಟಣ ಸಿಕ್ಕಿಕೊಂಡಿತ್ತು. ಬಟ್ಟೆ ಕೊಕ್ಕೆಯಿಂದ ಮೀಟಿ ಎಳೆದೆ. ಮೇಲೆ ಅಂಚೆಯವರ ಮುದ್ರೆ: "ವಿಳಾಸದಾರರು ಮನೆ ಬಿಟ್ಟಿದ್ದಾರೆ." ಮೂಲೆಯಲ್ಲಿ ಅಚ್ಚಾದ ಪಟ್ಟಿ. ಕನ್ನಡಕ ಒರೆಸಿಕೊಂಡು ಓದಿದೆ. ಮತ್ತೆ ಒರೆಸಿಕೊಂಡು ಓದಿದೆ. ಮಫ್ಲರ್ ಮಾವನನ್ನು ಕರೆದು ಅವನ ಕೈಲೂ ಓದಿಸಿದೆ.

ಉಕ್ಕಿನ ಅಜ್ಜಿ. ಸಂಚಿಕೆ ೪೮.

ಅಂಟು ಬಿಟ್ಟಿಲ್ಲ. ಯಾರೂ ತೆರೆದಿಲ್ಲ. ನನ್ನ ಮುಂದೆಯೇ ಮೇಜಿನ ಮೇಲಿದೆ. ಏನು ಮಾಡಲಿ, ಬೇಗ ಬರಿ.

ನಿನ್ನ ಅತ್ತೆ

*

ಮಾರ್ಚ್ ೧೭

ಅತ್ತೆ! ಅತ್ತೆ! ಅತ್ತೆ!

ತೆರೆಯಬೇಡ!

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಿನಗೆ ಸಿಕ್ಕಿರುವುದೇನೆಂದು ನಿನಗೆ ಗೊತ್ತಿಲ್ಲ. ನಲವತ್ತೆಂಟು ಇದೆಯೆಂದು ಹೇಳಿದರೆ ನಗುವ ಜನರಿದ್ದಾರೆ. ಇದ್ದದ್ದಷ್ಟೇ ಅಲ್ಲ, ಅಂಚೆಯ ಪೊಟ್ಟಣವೂ ಒಡೆಯದೆ ಇದೆ! ಒಡೆದರೆ ಅದೂ ಒಂದು ಹಳೇ ಪುಸ್ತಕ. ಒಡೆಯದಿದ್ದರೆ ಅದಕ್ಕೆ ಜೋಡಿಯೇ ಇಲ್ಲ.

ಕೈಗವಸಿನ ಮೇಡಂಗೆ ಈ ದೋಣಿಯಲ್ಲೇ ಬರೆದಿದ್ದೇನೆ. "ಮುದ್ರೆ ಒಡೆಯದ ಪ್ರತಿ ನಮ್ಮಲ್ಲಿದೆ" ಎಂದು ಬರೆಯುವಾಗ ನನಗೇ ಮೈ ಜುಮ್ಮೆಂದಿತು. ಅದೊಂದಿದ್ದರೆ ಸಾಕು, ಟ್ರಂಕಿನಲ್ಲಿ ನೀನು ಕಿಡಿಗೇಡಿಗಳ ಕೈಬರಹವನ್ನೇ ತುಂಬಿದ್ದರೂ ಅವರು ನನ್ನನ್ನು ಬೇಡವೆನ್ನಲಾರರು.

ಸವೆದ ಅಂಗಿಯ ಮಾತು ಚೆನ್ನಾಗಿದೆ. ಆದರೆ ಸವೆದ ಅಂಗಿ ಮುಂದಿನ ತಲೆಮಾರಿಗೆ ಉಳಿಯುವುದಿಲ್ಲ ಅತ್ತೆ, ಚಿಂದಿಯಾಗುತ್ತದೆ. ಎಲ್ಲರೂ ಪ್ರೀತಿಸಿ ಪ್ರೀತಿಸಿಯೇ ಅಲ್ಲವೇ ಉಕ್ಕಿನ ಅಜ್ಜಿಯ ಮೊದಲ ಹತ್ತು ಸಂಚಿಕೆ ಎಲ್ಲೂ ಇಲ್ಲದಂತೆ ಆದದ್ದು? ಯಾರಾದರೂ ಒಬ್ಬರು ಮುಟ್ಟದೆ ಇಡಬೇಕು. ಈ ಸಲ ಆ ಒಬ್ಬರು ನಾವು.

ನನಗೂ ಆಸೆಯಿಲ್ಲವೆಂದುಕೊಂಡೆಯಾ? ಆ ಬಸ್ಸು ಇವತ್ತಿಗೂ ನನ್ನ ಕಣ್ಣ ಮುಂದೆ ನೇತಾಡುತ್ತಿದೆ. ಆದರೆ ತಡೆದುಕೊಳ್ಳುತ್ತೇನೆ. ನೀನೂ ತಡೆದುಕೋ. ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಯಿತು, ಆದರೂ ನಿನ್ನನ್ನೇ ನಂಬಿದ್ದೇನೆ. ಪೊಟ್ಟಣವನ್ನು ನೀರು, ಹಬೆ, ಬಿಸಿಲು ಯಾವುದೂ ತಾಗದ ಕಡೆ ಇಡು. ಲಾಂಡ್ರಿಯಲ್ಲಿ ಅಂಥ ಜಾಗ ಹುಡುಕುವುದು ಕಷ್ಟ, ಬಲ್ಲೆ.

ಚೂಟಿ

*

ಏಪ್ರಿಲ್ ೨

ಚಿ. ಸೌ. ಚೂಟಿಗೆ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕ್ಷೇಮ ಕೇಳಿ ಸಂತೋಷವಾಯಿತು. ಇಲ್ಲಿ ಬಿಸಿಲು ಚೆನ್ನಾಗಿದೆ, ಬಟ್ಟೆ ಬೇಗ ಒಣಗುತ್ತಿವೆ. ಗಂಜಿಯ ಹೊಸ ಡಬ್ಬ ತರಿಸಿದ್ದೇನೆ, ಹಿಂದಿನದಕ್ಕಿಂತ ವಾಸಿ. ಹೋಟೆಲಿನವರ ಮೇಜುಬಟ್ಟೆಗಳು ಈ ವಾರ ಹೆಚ್ಚು ಬಂದವು.

ಟ್ರಂಕು ಮನೆಗೆ ಬಂದಿದೆ. ಒಳಗೆ ಬೇವಿನ ಸೊಪ್ಪು ಹಾಕಿದ್ದೇನೆ. ಪೊಟ್ಟಣ ಬೀರುವಿನಲ್ಲಿ ಬಿಳಿ ಹಾಸಿಗೆ ಬಟ್ಟೆಗಳ ನಡುವೆ ಇದೆ. ನೋಡಿದವರಿಗೆ ಸಿಕ್ಕಾಗ ಹೇಗಿತ್ತೋ ಹಾಗೆಯೇ ಕಾಣುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು,
ನಿನ್ನ ಅತ್ತೆ

*

ಏಪ್ರಿಲ್ ೭

ಅತ್ತೆ,

ಮೇಡಂ ಉತ್ತರ ಬಂತು! ಎರಡೇ ಸಾಲು: "ಏಪ್ರಿಲ್ ಇಪ್ಪತ್ತೆಂಟಕ್ಕೆ ನಿಮ್ಮ ಅತ್ತೆಯವರ ಲಾಂಡ್ರಿಗೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ತೋರಿಸಬೇಡಿ." ಯಾರ ಮನೆಗೂ ಹೋಗದವರು ನಮ್ಮ ಲಾಂಡ್ರಿಗೆ ಬರುತ್ತಿದ್ದಾರೆ ಅತ್ತೆ! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆ ಖುಷಿಯಲ್ಲೇ ರಾಜೀನಾಮೆ ಬರೆದು ಮಾಸ್ತರ ಮೇಜಿನ ಮೇಲಿಟ್ಟೆ. ಅವರು ಓದಿ, ಅದರ ಮೇಲೆ ಗಾಜಿನ ಗುಂಡು ಇಟ್ಟು, "ಬದಲಿ ಜನ ಬರೋವರೆಗೂ ಬಿಡೋಕಾಗಲ್ಲ. ಗಾಳಿ ಯಾರಿಗೂ ರಜೆ ಕೊಡಲ್ಲ" ಅಂದರು. ಬದಲಿ ಜನ ಬರಲು ಮಳೆಗಾಲ ಮುಗಿಯಬೇಕಾಗಬಹುದು. ಇರಲಿ, ಅಷ್ಟು ದಿನ ಅಂಗಡಿಯ ಹಲಗೆಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿರುತ್ತೇನೆ. ಎಡಗಡೆ ಮೊದಲ ಸಂಚಿಕೆಗಳು, ನಡುವೆ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಪೊಟ್ಟಣ. ನೀನು ಹೇಳಿದ ಕಿಡಿಗೇಡಿಯ ಪ್ರತಿಗೂ ಒಂದು ಮೂಲೆ ಕೊಡಬಹುದೇನೋ ಅನ್ನಿಸಲು ಶುರುವಾಗಿದೆ. "ಡಾಕ್ಟರೇ" ಎಂಬುದನ್ನು ನೆನೆಸಿಕೊಂಡು ಮೊನ್ನೆ ಮಳೆಮಾಪಕದ ಮುಂದೆ ಒಬ್ಬಳೇ ನಕ್ಕೆ.

ಆದರೆ ಒಂದು ಚಿಂತೆ. ನಿನ್ನ ಕಳೆದ ಪತ್ರವನ್ನು ಎಷ್ಟೋ ಸಲ ಓದಿದೆ. ನೀನು ನನಗೆ ಯಾವತ್ತಾದರೂ "ಚಿ. ಸೌ." ಎಂದು ಬರೆದದ್ದುಂಟೇ? ಗಂಜಿ ಡಬ್ಬದ ಬಗ್ಗೆ ಬರೆದವಳು ಉಕ್ಕಿನ ಅಜ್ಜಿಯ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಮೈ ಸರಿಯಿಲ್ಲವೇ? ಮೊಣಕಾಲು ನೋವು ಮತ್ತೆ ಬಂತೇ? ಮುಚ್ಚಿಡಬೇಡ ಅತ್ತೆ. ಡಾಕ್ಟರ ಹತ್ತಿರ ಹೋಗು. ಪೊಟ್ಟಣ ಕಾಯುವ ಭರದಲ್ಲಿ ನಿನ್ನನ್ನು ನೀನು ಮರೆಯಬೇಡ.

ಚೂಟಿ

*

ಏಪ್ರಿಲ್ ೧೫

ಚೂಟಿ,

ಮೊಣಕಾಲು ಚೆನ್ನಾಗಿದೆ. ಕೆಟ್ಟಿರುವುದು ಮನಸ್ಸು. ನೀನು ಡಾಕ್ಟರ ಹತ್ತಿರ ಹೋಗು ಅಂದೆಯಲ್ಲ, ಅದನ್ನು ಓದಿದ ಮೇಲೆ ಇನ್ನು ಮುಚ್ಚಿಡಲಾರೆ.

ತೆರೆದೆ.

ನಿನ್ನ "ತೆರೆಯಬೇಡ" ಬಂದು ಐದು ದಿನ ನೆಟ್ಟಗಿದ್ದೆ, ದೇವರಾಣೆ. ಆರನೆಯ ದಿನ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಹಬೆಯ ಇಸ್ತ್ರಿ ಪುಸುಪುಸು ಎನ್ನುತ್ತಿತ್ತು. ಬೇರೆ ಯಾರ ಮನೆಗೇ ಆ ಪೊಟ್ಟಣ ಹೋಗಿದ್ದರೂ ಹರಿಯಬೇಕಾಗುತ್ತಿತ್ತು, ಹರಿದರೆ ಕಾಣುತ್ತದೆ ಎಂಬ ಹೆದರಿಕೆಯಾದರೂ ಇರುತ್ತಿತ್ತು. ನನಗೆ ಆ ಹೆದರಿಕೆಯೂ ಇಲ್ಲವಲ್ಲ! ಅದು ಹಿಟ್ಟಿನ ಅಂಟು. ಹಬೆಗೆ ಹೇಗೆ ಸಡಿಲವಾಗುತ್ತದೆ, ಎಷ್ಟು ದೂರ ಹಿಡಿದರೆ ಕಾಗದ ನೆನೆಯುವುದಿಲ್ಲ, ಎಲ್ಲ ಕೈಗೆ ಗೊತ್ತು. ಮೊದಲು ನಿನ್ನ ಪತ್ರದ ಲಕೋಟೆಯನ್ನೇ ಅಂಟಿಸಿ ಬಿಡಿಸಿ ನೋಡಿದೆ. ತೆರೆಯಬೇಡ ಎಂದು ಬರೆದಿದ್ದ ಪತ್ರದ ಲಕೋಟೆ! ಅದು ಸಲೀಸಾಗಿ ಬಂತು. ಆಮೇಲೆ ಇದು.

ಯಾಕೆ ತೆರೆದೆ ಅಂತ ಕೇಳುತ್ತೀಯ. ಆಸೆ ಕಣೇ, ಬರೀ ಆಸೆ. ನಿಮ್ಮಪ್ಪ ಹೋದ ಮೇಲೆ ನೀನು ಆ ನಲವತ್ತೇಳನ್ನು ತಲೆದಿಂಬಿನ ಕೆಳಗಿಟ್ಟುಕೊಂಡು, "ಆಮೇಲೆ ಅಜ್ಜಿ ಏನು ಮಾಡಿದ್ಲು ಅತ್ತೆ?" ಎಂದು ಕೇಳುತ್ತಿದ್ದೆ. ನನಗೇನು ಗೊತ್ತು? ದಿನಕ್ಕೊಂದು ಕಟ್ಟಿ ಹೇಳುತ್ತಿದ್ದೆ. ಒಂದು ದಿನ ಹದ್ದು ಬಂದು ಬಸ್ಸು ಎತ್ತಿತು, ಒಂದು ದಿನ ನದಿಯಲ್ಲಿ ತಿಮಿಂಗಿಲ ಬಂತು. ನದಿಯಲ್ಲಿ ತಿಮಿಂಗಿಲ ಎಲ್ಲಿಂದ ಬಂತು ಅಂತ ನೀನು ಜಗಳ ತೆಗೆದಿದ್ದೆ. ಆ ಕಥೆಗಾರರು ನಿಜಕ್ಕೂ ಏನು ಬರೆದಿದ್ದರು ಎಂದು ನನಗೆ ತಿಳಿಯಬೇಕಾಗಿತ್ತು. ಅಷ್ಟೇ.

ಓದಿದೆ. ಓದಿ, ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಮೇಲೆ ಮತ್ತೆ ಅಂಟಿಸಿದೆ. ಎಂಥ ಕಣ್ಣಿನವರು ಬಂದರೂ ಕಂಡುಹಿಡಿಯಲಾರರು, ನನ್ನ ಕೆಲಸ ನನಗೆ ಗೊತ್ತು. ಮೇಡಂಗೆ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾನಂತೂ ಬಾಯಿ ಬಿಡುವುದಿಲ್ಲ.

ಕೊನೆಯಲ್ಲಿ ಏನಾಯಿತು ಎಂದು ಮಾತ್ರ ಕೇಳಬೇಡ. ಅದನ್ನು ಕಾಗದದಲ್ಲಿ ಬರೆಯಲು ನನ್ನಿಂದಾಗುವುದಿಲ್ಲ.

ನಿನ್ನ ಕೆಟ್ಟ ಅತ್ತೆ

*

ಏಪ್ರಿಲ್ ೨೧

ಅತ್ತೆ,

ನಿನಗೆ ಒಂದೇ ಒಂದು ಕೆಲಸ ಹೇಳಿದ್ದೆ. ಏನೂ ಮಾಡದೆ ಇರುವ ಕೆಲಸ. ಅದನ್ನೂ ಮಾಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಕೇಳಿದ್ದೆ, ಈಗ ಕಂಡೆ. ಇನ್ನೇನೂ ಬರೆಯಲು ಮನಸ್ಸಿಲ್ಲ.

ಏಪ್ರಿಲ್ ೨೨

ನಿನ್ನೆ ಅಲೆ ಎದ್ದು ದೋಣಿ ದಡಕ್ಕೆ ಬರಲಿಲ್ಲ. ಬಂದಿದ್ದರೆ ಮೇಲಿನ ನಾಲ್ಕು ಸಾಲು ಮಾತ್ರ ನಿನಗೆ ತಲುಪುತ್ತಿತ್ತು. ಸದ್ಯ, ಬರಲಿಲ್ಲ.

ನಿನ್ನೆಯೆಲ್ಲ ಮಾಪಕದ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ನೀನು ಬರೆದದ್ದು ನಿಜವೇ ಇರಬೇಕು. ಹೇಳದೆ ಇದ್ದರೆ ಅಂಗಡಿ ನನ್ನದು. ಆದರೆ ಆ ಗಾಜಿನ ಪೆಟ್ಟಿಗೆಯ ಮುಂದೆ ಪ್ರತಿದಿನ ನಿಂತು, ನೋಡಲು ಬಂದವರಿಗೆ, "ಇದನ್ನು ಯಾರೂ ತೆರೆದಿಲ್ಲ" ಎಂದು ಹೇಳಬೇಕಲ್ಲ. ಮೊದಲನೇ ದಿನವೇ ನನಗೆ ನಗು ಬರುತ್ತದೆ, ಎರಡನೇ ದಿನ ಅಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನೀನೇ ಹೇಳಿಕೊಟ್ಟದ್ದು. ಹಬೆ ಹಿಡಿದದ್ದನ್ನೂ ಸೇರಿಸಿ ಮೇಡಂಗೆ ಎಲ್ಲ ಬರೆದಿದ್ದೇನೆ. ಇವತ್ತು ಬರುವ ದೋಣಿಯಲ್ಲಿ ಈ ಪತ್ರದ ಜೊತೆಯಲ್ಲೇ ಹೋಗುತ್ತದೆ. ಅವರು ಬರದೆಯೂ ಇರಬಹುದು. ಬಂದರೆ ಬೈಯುವುದಕ್ಕೇ ಬರುತ್ತಾರೆ. ತಲೆ ತಗ್ಗಿಸಿ ಕೇಳಿಸಿಕೋ, ಎದುರುತ್ತರ ಕೊಡಬೇಡ. ರಾಜೀನಾಮೆ ಇನ್ನೂ ಗಾಜಿನ ಗುಂಡಿನ ಕೆಳಗಿದೆ. ವಾಪಸು ತೆಗೆದುಕೊಳ್ಳುವುದು ಕಷ್ಟವೇನಲ್ಲ.

ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ನೀನು ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಅತ್ತದ್ದು ಕಣ್ಣಿಗೆ ಕಟ್ಟುತ್ತಿದೆ.

ಅಜ್ಜಿ ಸತ್ತಳು, ಅಲ್ಲವೇ? ಅದಕ್ಕೇ ಬರೆಯಲಾರೆ ಅಂದೆ. ಬರಿ ಅತ್ತೆ. ನಾನೀಗ ದೊಡ್ಡವಳು, ತಡೆದುಕೊಳ್ಳುತ್ತೇನೆ.

ಚೂಟಿ

*

ಮೇ ೧

ನನ್ನ ಚೂಟಿ,

ಉಸಿರು ಬಿಗಿಹಿಡಿದುಕೋ. ಬರೆಯುವುದು ಬಹಳ ಇದೆ. ಇಸ್ತ್ರಿ ಆರಿಸಿ, ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಮೇಡಂ ಬಂದರು. ಕಡ್ಡಿಯಂಥ ಹೆಂಗಸು, ಕಾಲರಿನ ಮಡಿಕೆ ನೋಡಿಯೇ ನನಗೆ ಗೌರವ ಬಂತು. ಕೈಯಲ್ಲಿ ನಿನ್ನ ಪತ್ರ. ಕೂರಿ ಅಂದರೂ ಕೂರಲಿಲ್ಲ. ಕೈಗವಸು ಹಾಕಿಕೊಂಡು ಪೊಟ್ಟಣವನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು, ಮೂಸಿ, ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ತೆರೆದಿದ್ದೀರಿ ಅಂತ ನಿಮ್ಮ ಸೊಸೆ ಬರೀದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ" ಅಂದರು. "ಅದನ್ನ ನೆನೆಸಿಕೊಂಡ್ರೇನೇ ಭಯ ಆಗುತ್ತೆ. ನೀವೇನು ಮಾಡಿದ್ದೀರಿ ಅಂತ ಗೊತ್ತೇನ್ರೀ ನಿಮಗೆ?"

ನೀನು ಎದುರುತ್ತರ ಕೊಡಬೇಡ ಅಂದಿದ್ದೆ. ನಾನು ತಲೆ ತಗ್ಗಿಸಿ ನಿಂತೆ. ಅವರು ಬೈದರು. ಚೆನ್ನಾಗಿಯೇ ಬೈದರು, ತಪ್ಪೇನಿಲ್ಲ. ಇದರ ಬೆಲೆ ಅರ್ಧಕ್ಕರ್ಧ ಹೋಯಿತು, ಇನ್ನು ಯಾವ ಕಾಲಕ್ಕೂ ಅದು ಒಡೆಯದ ಪ್ರತಿಯಾಗುವುದಿಲ್ಲ, ನಿಮ್ಮಂಥವರ ಕೈಗೆ ಸಿಕ್ಕಿಯೇ ಎಲ್ಲ ಹಾಳಾಗುವುದು ಅಂದರು. ಅಂದು, ಕೈಚೀಲ ಎತ್ತಿಕೊಂಡು ಬಾಗಿಲವರೆಗೂ ಹೋದರು. ನಿನ್ನ ಅಂಗಡಿ ಬೀದಿಗಿಳಿದು ಹೋಗುತ್ತಿದೆ, ನಾನು ಗೊಂಬೆಯ ಹಾಗೆ ನಿಂತಿದ್ದೇನೆ.

ಹೊಸ್ತಿಲ ಮೇಲೆ ನಿಂತರು. ನನಗೆ ಬೆನ್ನು ಮಾಡಿಕೊಂಡೇ ಕೇಳಿದರು.

"ಬದುಕಿದ್ಲಾ?"

"ಯಾರು?"

"ಅಜ್ಜಿ ಕಣ್ರೀ!"

ನಾನು, "ಪೊಟ್ಟಣ ಹೇಗೂ ತೆರೆದಾಗಿದೆ ಮೇಡಂ. ನೀವೇ ನೋಡಬಾರ್ದಾ" ಅಂದೆ. ಅವರು ಕೈಚೀಲ ಕೆಳಗಿಟ್ಟರು. ಆಮೇಲೆ ಒಳಗೆ ಬಂದು, ಮಡಿಸಿಟ್ಟ ದುಪ್ಪಟಿಗಳ ಗಂಟಿನ ಮೇಲೆ ಕೂತರು. ನಾನು ಇಸ್ತ್ರಿ ಹಚ್ಚಿ ಅಂಟು ಬಿಡಿಸಿಕೊಟ್ಟೆ. ಮೊದಲ ಪುಟ ತಿರುಗಿಸಲು ಹೋದರು, ಬೆರಳು ಜಾರಿತು. ಇನ್ನೊಂದು ಸಲವೂ ಜಾರಿತು. "ಥತ್ತೇರಿಕೆ" ಎಂದವರೇ ಎರಡೂ ಕೈಗವಸು ಕಿತ್ತು ಪಕ್ಕಕ್ಕೆ ಎಸೆದರು! ಬರಿಗೈಯಲ್ಲಿ ಓದಿದರು ಚೂಟಿ. ತುಟಿ ಅಲ್ಲಾಡಿಸುತ್ತಾ ಓದುತ್ತಾರೆ, ನಿನ್ನ ಹಾಗೆಯೇ.

ಈಗ ಕೇಳು. ಮುಖ ನೋಡಿಕೊಂಡು ಹೇಳಬೇಕೆಂದು ಇಷ್ಟು ದಿನ ಹಲ್ಲುಕಚ್ಚಿ ತಡೆದಿದ್ದೆ. ನೀನು ನೋ‍ಡಿದರೆ ಅಜ್ಜಿ ಸತ್ತಳೆಂದುಕೊಂಡು ಆ ಗಾಳಿಯಲ್ಲಿ ಕೂತಿದ್ದೀಯ. ಇನ್ನು ನನ್ನ ಕೈಲಿ ಆಗುವುದಿಲ್ಲ.

ಹದ್ದು ಬರುವುದಿಲ್ಲ. ತಿಮಿಂಗಿಲವೂ ಇಲ್ಲ. ಅಜ್ಜಿ ಸೇತುವೆಯ ಕಂಬಿಗೆ ಹಗ್ಗ ಸುತ್ತಿ, ಕಚ್ಚಿದ ಹಲ್ಲನ್ನು ಹಾಗೆಯೇ ಕಂಬಿಗೆ ಸಿಕ್ಕಿಸಿ, ಬಾಯಿ ದೊಡ್ಡದಾಗಿ ತೆರೆದು, ಹಲ್ಲುಸೆಟ್ಟನ್ನೇ ಬಿಟ್ಟುಬಿಡುತ್ತಾಳೆ! ಹಲ್ಲು ಹಗ್ಗ ಕಚ್ಚಿಕೊಂಡು ಅಲ್ಲೇ ಇರುತ್ತದೆ, ಅಜ್ಜಿ ನದಿಗೆ ಬೀಳುತ್ತಾಳೆ. ಬಸ್ಸಿನವರು ಒಬ್ಬೊಬ್ಬರೇ ಇಳಿಯುತ್ತಾರೆ. ಅಜ್ಜಿ ಬೊಚ್ಚುಬಾಯಿಯಲ್ಲಿ ನಗುತ್ತಾ ಈಜಿ ದಡ ಸೇರುತ್ತಾಳೆ.

ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಹಾಲುಹಲ್ಲು ಬೀಳುತ್ತಿದ್ದ ಕಾಲ. ನಾನು ಹದ್ದಿನ ಕಥೆ ಹೇಳುತ್ತಿದ್ದಾಗ ನೀನು ಎದ್ದು ಕೂತು, "ಹಲ್ಲು ಬಿಟ್ಬಿಟ್ರೆ ಆಯ್ತಪ್ಪ, ಅದೇ ಹಿಡ್ಕೊಂಡಿರುತ್ತೆ" ಅಂದಿದ್ದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, "ಹಲ್ಲು ಬಿಟ್ಟ ಮೇಲೆ ಅಜ್ಜಿಗೇನು ಉಳೀತೇ, ಪೆದ್ದಿ" ಅಂದಿದ್ದೆ. ನೀನು, "ಅಜ್ಜಿ ಉಳೀತಾಳಲ್ಲ" ಅಂದೆ. ಒಂಬತ್ತನೇ ಪುಟದಲ್ಲಿ ಅದೇ ಇದೆ ಚೂಟಿ. ಆ ಪುಟ ನೋಡಿ ನಾನು ಅತ್ತದ್ದು. ದೊಡ್ಡ ಕಥೆಗಾರರಿಗೆ ಹೊಳೆದದ್ದು ನಮ್ಮ ಮನೆಯ ಮಂಚದ ಮೇಲೆ ನಿನಗೆ ಹೊಳೆದಿತ್ತು, ನಾನು ಪೆದ್ದಿ ಅಂದಿದ್ದೆ.

ಇದನ್ನೆಲ್ಲ ಮೇಡಂಗೂ ಹೇಳಿದೆ. ಅವರು ಕಣ್ಣೊರೆಸಿಕೊಂಡು ಕೊನೆಯ ಪುಟ ತಿರುಗಿಸಿ ಕಿಟಾರನೆ ಕಿರುಚಿಕೊಂಡರು. ಎದುರಿನ ಹೋಟೆಲಿನವರು ಓಡಿಬಂದರು! ಆಗಿರುವುದೇನೆಂದರೆ, ಅಜ್ಜಿ ಮನೆಗೆ ಬಂದು ಕೂತಿದ್ದಾಳೆ, ಯಾರೋ ಕದ ತಟ್ಟುತ್ತಾರೆ. ತೆರೆದರೆ ಅಲ್ಲಿ ಇನ್ನೊಬ್ಬ ಅಜ್ಜಿ, ನಗುತ್ತಿದ್ದಾಳೆ. ಬಾಯಿ ತುಂಬ ನಮ್ಮ ಅಜ್ಜಿಯದೇ ಉಕ್ಕಿನ ಹಲ್ಲು! ಕೆಳಗೆ, "ನಲವತ್ತೊಂಬತ್ತನೆಯ ಸಂಚಿಕೆ ನಿರೀಕ್ಷಿಸಿ."

"ನಲವತ್ತೊಂಬತ್ತು ಅಂತ ಒಂದಿದೆಯಾ?" ಎಂದು ಮೇಡಂ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಇಷ್ಟು ವರ್ಷ ನಲವತ್ತೆಂಟಕ್ಕೇ ಮುಗೀತು ಅಂದ್ಕೊಂಡಿದ್ವಲ್ರೀ! ಇದನ್ನ ಮುಚ್ಚಿ ಗಾಜಿನೊಳಗೆ ಇಟ್ಟಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ! ಬರೆದೋರು ಎಲ್ಲಿದ್ದಾರೆ? ಅಚ್ಚು ಹಾಕಿದೋರ ಮಕ್ಕಳಾದ್ರೂ ಇರ್ಬೇಕಲ್ವಾ? ನಿಮ್ಮ ಸೊಸೆ ಎಲ್ಲಿ? ಆ ದ್ವೀಪದಲ್ಲಿ ಏನು ಮಾಡ್ತಾ ಕೂತಿದ್ದಾಳೆ ಅವಳು? ಹುಡುಕೋಕೆ ನನಗೆ ಅವಳು ಬೇಕು. ಆದಷ್ಟು ಬೇಗ ಬೇಕು."

ಪಾಲುದಾರಿಕೆ ಕೊಡುತ್ತೀರಾ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಟ್ರಂಕಿನೊಳಗೆ ತಲೆ ಹಾಕಿದ್ದರು. "ಸೈಕಲ್ ಸಾಹಸಿ" ತೆಗೆದು, "ಡಾಕ್ಟರೇ" ಓದಿ, ಮೇಡಂ ನಕ್ಕ ನಗು ಇನ್ನೂ ಲಾಂಡ್ರಿಯಲ್ಲೇ ಇದೆ. ಹೋಗುವಾಗ ಕೈಗವಸು ಮರೆತು ಹೋದರು. ಒಗೆದಿಟ್ಟಿದ್ದೇನೆ.

ನಿನ್ನನ್ನು ಬಾ ಎಂದು ನಾನು ಯಾವತ್ತೂ ಕರೆದಿಲ್ಲ. ಕರೆದರೆ ನಿನ್ನ ಕೆಲಸಕ್ಕೆ ಅಡ್ಡವಾಗುತ್ತದೆ ಎಂದು ಸುಮ್ಮನಿದ್ದೆ. ಈಗ ಕರೆಯುತ್ತಿದ್ದೇನೆ. ಬಾ ಚೂಟಿ.

ನಿನ್ನ ಅತ್ತೆ

*

ಮೇ ೧೨

ಅತ್ತೆ,

ನನಗೆ ನೆನಪಿಲ್ಲ! ಆ ಮಾತು ನಾನು ಆಡಿದ್ದು ಒಂದಿಷ್ಟೂ ನೆನಪಿಲ್ಲ. ಆದರೂ ಒಂಬತ್ತನೇ ಪುಟದ ಸಾಲು ಓದಿದ ಕೂಡಲೇ ಮಾಪಕದ ಕೋಣೆಯಲ್ಲೇ ಜೋರಾಗಿ ಅತ್ತುಬಿಟ್ಟೆ. ಇಷ್ಟು ಸಂತೋಷಕ್ಕೆ ಇಷ್ಟು ಅಳು ಬರುತ್ತದೆಂದು ಗೊತ್ತಿರಲಿಲ್ಲ.

ಮಾಸ್ತರು ಓಡಿಬಂದರು. "ಮನೆ ಕಡೆ ಏನಾದ್ರೂ ಕೆಟ್ಟ ಸುದ್ದಿನಾ?" ಅಂದರು. ಇಲ್ಲ, ಉಕ್ಕಿನ ಅಜ್ಜಿ ಎಂದು ಒಂದು ಕಾಮಿಕ್ಸ್ ಇತ್ತು ಎಂದು ಶುರುಮಾಡಿದೆ. ನಿಂತುಕೊಂಡೇ ಕೇಳಿದರು, ಆಮೇಲೆ ಕೂತು ಕೇಳಿದರು. ಸೇತುವೆಗೆ ಬಂದಾಗ ಗಾಳಿಮಾಪಕದ ಗಂಟೆ ಬಾರಿಸಿತು, ಏಳಲಿಲ್ಲ. ಅವರು ಏಳದೆ ಕೂತದ್ದನ್ನು ನಾನು ಇದೇ ಮೊದಲು ಕಂಡದ್ದು. ಇನ್ನೊಬ್ಬ ಅಜ್ಜಿ ಕದ ತಟ್ಟಿದಳು ಎಂದಾಗ ಕುರ್ಚಿಯ ಕೈ ಹಿಡಿದುಕೊಂಡು, "ಆಮೇಲೆ?" ಅಂದರು.

"ಆಮೇಲಿಂದು ಯಾರಿಗೂ ಗೊತ್ತಿಲ್ಲ ಸಾರ್. ಹುಡುಕಬೇಕು. ನಾನೇ ಹುಡುಕಬೇಕಂತೆ."

ಮಾಸ್ತರು ಎದ್ದು ಹೋಗಿ ಗಾಜಿನ ಗುಂಡು ಎತ್ತಿ, ನನ್ನ ರಾಜೀನಾಮೆಗೆ ಸಹಿ ಹಾಕಿದರು. "ಬದಲಿ ಬರೋವರೆಗೂ ಗಾಳಿ ನಾನೊಬ್ಬನೇ ನೋಡ್ಕೋತೀನಿ. ದೋಣಿ ಹೊರಡೋಕೆ ಮುಂಚೆ ಬಟ್ಟೆ ತುಂಬ್ಕೋ. ಸಿಕ್ಕಿದ ತಕ್ಷಣ ನನಗೊಂದು ಕಾಗದ ಹಾಕೋದು ಮರೀಬೇಡ" ಅಂದರು.

ಅಂಬಿಗ ಕೂಗುತ್ತಿದ್ದಾನೆ. ಈ ಪತ್ರವನ್ನು ಅಂಚೆಚೀಲಕ್ಕೆ ಹಾಕಿ ಅದೇ ದೋಣಿಗೆ ನಾನೂ ಹತ್ತುತ್ತಿದ್ದೇನೆ. ಹುಡುಕುವುದೆಲ್ಲ ಆಮೇಲೆ. ಮೊದಲು ಆ ದುಪ್ಪಟಿಯ ಗಂಟಿನ ಮೇಲೆ ಕೂತು, ನೀನು ಓದಬೇಕು, ನಾನು ಕೇಳಬೇಕು. ಗೊತ್ತಿರುವ ಕಥೆಯೇ ಆದರೂ ಮೊದಲ ಪುಟದಿಂದ ಓದಬೇಕು.

ಚೂಟಿ